ಊರು ಬಿಟ್ಟ ಸೈನ್ಯ: ಕ್ರಿ.ಪೂ. 494ರ ರೋಮ್, ಒಂದು ಪ್ರಕರಣ ಅಧ್ಯಯನ

ಕ್ರಿ.ಪೂ. 494ರಲ್ಲಿ ರೋಮಿನ ಸೈನ್ಯ ಯುದ್ಧಕ್ಕೆ ಹೊರಡಬೇಕಿತ್ತು, ಹೊರಡಲಿಲ್ಲ. ಊರಿಗೂ ಮರಳಲಿಲ್ಲ. ಸೈನ್ಯ ನಡೆಸುವ ಅಧಿಕಾರಿಗಳಾದ ಕಾನ್ಸಲರ ಅಪ್ಪಣೆಯಿಲ್ಲದೆ ಅನಿಯೋ ಹೊಳೆಯನ್ನು ದಾಟಿ, ಊರಿನಿಂದ ಮೂರು ಮೈಲಿ ದೂರದ ಒಂದು ಗುಡ್ಡದ ಮೇಲೆ ಬೀಡುಬಿಟ್ಟಿತು. ಸೈನಿಕರು ಸುತ್ತ ಕಂದಕ ತೋಡಿದರು, ಮಣ್ಣಿನ ಒಡ್ಡು ಹಾಕಿದರು, ಊಟಕ್ಕೆ ಬೇಕಾದಷ್ಟನ್ನು ಮಾತ್ರ ಹೊಂದಿಸಿಕೊಂಡರು. ಯಾರನ್ನೂ ಕೊಲ್ಲಲಿಲ್ಲ, ಯಾರ ಮನೆಗೂ ಬೆಂಕಿ ಇಡಲಿಲ್ಲ. ಕೆಲವು ದಿನ ಸುಮ್ಮನೆ ಕುಳಿತರು, ಅಷ್ಟೆ. ಊರಿನೊಳಗಿದ್ದ ಶ್ರೀಮಂತರಿಗೆ ಆ ಕೆಲವು ದಿನಗಳನ್ನು ಕಳೆಯುವುದೇ ಕಷ್ಟವಾಯಿತು. ಸೆನೆಟ್ ಸಂಧಾನಕಾರನನ್ನು ಕಳುಹಿಸಿತು. ಸೈನಿಕರು ಗುಡ್ಡ ಇಳಿಯುವ ಹೊತ್ತಿಗೆ ರೋಮಿನ ಆಡಳಿತದಲ್ಲಿ ಹಿಂದೆಂದೂ ಇಲ್ಲದ ಒಂದು ಹುದ್ದೆ ಹುಟ್ಟಿತ್ತು.

ಪಠ್ಯಪುಸ್ತಕಗಳಲ್ಲಿ ಇದು ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಹಳೆಯ ಕುಲೀನ ಮನೆತನದವರಾದ ಪೆಟ್ರೀಷಿಯನ್ನರಿಗೂ ಉಳಿದ ಸಾಮಾನ್ಯ ಜನರಾದ ಪ್ಲೆಬಿಯನ್ನರಿಗೂ ಜಗಳವಾಯಿತು, ಪ್ಲೆಬಿಯನ್ನರ ರಕ್ಷಣೆಗೆ ಟ್ರಿಬ್ಯೂನರು ಬಂದರು, ಮುಂದಿನ ಅಧ್ಯಾಯ. ಆದರೆ ಈ ಪ್ರಕರಣವನ್ನು ಬಿಡಿಸಿ ನೋಡಿದರೆ ಎರಡು ಸಂಗತಿ ಎದ್ದು ಕಾಣುತ್ತವೆ. ಕೈಯೆತ್ತದೆ ಸುಮ್ಮನೆ ಎದ್ದುಹೋಗುವುದು ಇಷ್ಟು ದೊಡ್ಡ ಬೆದರಿಕೆಯಾದದ್ದು ರೋಮ್ ಇದ್ದ ಜಾಗದ ದೆಸೆಯಿಂದ. ಇನ್ನೊಂದು, ಅವರು ಸಾಲದ ಕಾಟಕ್ಕೆ ಊರು ಬಿಟ್ಟರು, ಮರಳುವಾಗ ಸಾಲಕ್ಕೆ ಸಂಬಂಧವೇ ಇಲ್ಲದ ಏನನ್ನೋ ಪಡೆದುಕೊಂಡು ಬಂದರು. ನನ್ನ ದೃಷ್ಟಿಯಲ್ಲಿ ಅದು ಮೋಸಹೋದದ್ದಲ್ಲ. ಅವರು ಕೇಳಿದ್ದಕ್ಕಿಂತ ಹೆಚ್ಚು ಬಾಳಿಕೆಯ ವಸ್ತು ಅದು.

ಹೊಳೆ, ಕಡವು, ಉಪ್ಪು

ಇಟಲಿಯ ಉದ್ದಕ್ಕೂ ಅಪೆನೈನ್ ಪರ್ವತಸಾಲು ಚಾಚಿಕೊಂಡಿದೆ. ಪೂರ್ವದ ಕಡೆ ಬೆಟ್ಟಗಳು ಸಮುದ್ರಕ್ಕೆ ಒತ್ತಿಕೊಂಡಿರುವುದರಿಂದ ಬಯಲು ಕಿರಿದು. ಪಶ್ಚಿಮದಲ್ಲಿ ಎಟ್ರೂರಿಯ, ಲೇಷಿಯಮ್, ಕಂಪೇನಿಯ ಎಂಬ ಮೂರು ಫಲವತ್ತಾದ ಸೀಮೆಗಳಿವೆ. ಸುಮಾರು 400 ಕಿ.ಮೀ. ಹರಿಯುವ ಟೈಬರ್ ನದಿ ತನ್ನ ಕೊನೆಯ ಹಂತದಲ್ಲಿ ಎಟ್ರೂರಿಯಕ್ಕೂ ಲೇಷಿಯಮ್‌ಗೂ ಗಡಿ. ಲೇಷಿಯಮ್ ಕಡೆಯ ದಡದಲ್ಲಿ, ಸಮುದ್ರದಿಂದ ಸುಮಾರು 25 ಕಿ.ಮೀ. ಒಳಗೆ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಉಂಟಾದ ಮೆದುಗಲ್ಲಿನ ಗುಡ್ಡಗಳಿವೆ. ಏಳು ಬೆಟ್ಟಗಳೆಂದು ಹೆಸರೇನೋ ದೊಡ್ಡದು. ನದಿಯ ಮಟ್ಟದಿಂದ ಕೆಲವೇ ಹತ್ತು ಮೀಟರ್ ಎತ್ತರದ ದಿಬ್ಬಗಳು ಅವು. ನಡುವೆ ಜವುಗು.

ಈ ದಿಬ್ಬಗಳ ಬುಡದಲ್ಲೇ ಟೈಬರ್ ಒಂದು ಪುಟ್ಟ ದ್ವೀಪವನ್ನು ಬಳಸಿ ಹರಿಯುತ್ತದೆ. ಅಲ್ಲಿ ಹೊಳೆ ದಾಟುವುದು ಸುಲಭ. ಉತ್ತರದ ಎಟ್ರಸ್ಕನ್ ನಗರಗಳಿಂದ ದಕ್ಷಿಣದ ಕಂಪೇನಿಯಕ್ಕೆ ಕಾಲ್ದಾರಿಯಲ್ಲಿ ಹೋಗುವವರಿಗೆ ಈ ಕಡವು ಬೇಕೇ ಬೇಕು. ನದಿ ಸಮುದ್ರ ಸೇರುವಲ್ಲಿ ಉಪ್ಪಿನ ಮಡಿಗಳಿದ್ದವು. ಆ ಉಪ್ಪು ಒಳನಾಡಿನ ಸಬೈನ್ ಬೆಟ್ಟಗಳಿಗೆ ಹೋಗುತ್ತಿದ್ದದ್ದೂ ಈ ದಿಬ್ಬಗಳ ಕೆಳಗಿನಿಂದಲೇ. ಮುಂದೆ ಸಲಾರಿಯ ಹೆದ್ದಾರಿ ಎಂದಾದ ದಾರಿ ಅದು. ಉತ್ತರ-ದಕ್ಷಿಣದ ದಾರಿಯೂ ಉಪ್ಪಿನ ದಾರಿಯೂ ಸೇರುವ ಅಡ್ಡರಸ್ತೆಯಲ್ಲಿ ಊರು ಬೆಳೆಯದೆ ಇನ್ನೆಲ್ಲಿ ಬೆಳೆಯಬೇಕು?

ಊರು ಕ್ರಿ.ಪೂ. 753ರಲ್ಲಿ ಹುಟ್ಟಿತು ಎನ್ನುವುದು ರೋಮನ್ ಪಂಡಿತ ವರ್ರೊ ಕೂಡಿಸಿ ಕಳೆದು ನಿಗದಿಪಡಿಸಿದ ವರ್ಷ. ರೊಮುಲಸ್ ಮತ್ತು ರೀಮಸ್, ಅವರಿಗೆ ಹಾಲುಣಿಸಿದ ಹೆಣ್ಣುತೋಳ ಎಲ್ಲ ಆ ಲೆಕ್ಕದ ಜೊತೆಗೆ ಬರುವ ಕಥೆ. ಮಣ್ಣು ಹೇಳುವ ಕಥೆ ಬೇರೆ. ಪಾಲಟೈನ್ ದಿಬ್ಬದ ಮೇಲೆ, ಬಂಡೆಯಲ್ಲಿ ಕೊರೆದ ಕಂಬದ ಗುಳಿಗಳು ಸಿಕ್ಕಿವೆ. ಮರದ ಕಂಬ ನಿಲ್ಲಿಸಿ, ತಟ್ಟಿಗೆ ಮಣ್ಣು ಮೆತ್ತಿ, ಹುಲ್ಲು ಹೊದಿಸಿದ ಗುಡಿಸಲುಗಳ ಗುರುತು ಅವು, ಕಾಲ ಕ್ರಿ.ಪೂ. ಎಂಟನೆಯ ಶತಮಾನ. ಕೆಳಗಿನ ಜವುಗಿನ ಅಂಚಿನಲ್ಲಿ ಅದಕ್ಕಿಂತ ಹಳೆಯ ಸಮಾಧಿಗಳಿವೆ. ಒಬ್ಬ ವ್ಯಕ್ತಿ ಒಂದು ದಿನ ನೇಗಿಲು ಹೂಡಿ ಸ್ಥಾಪಿಸಿದ ನಗರವಲ್ಲ ಇದು. ದಿಬ್ಬಕ್ಕೊಂದರಂತೆ ಇದ್ದ ಕೇರಿಗಳು ನಿಧಾನವಾಗಿ ಕೂಡಿಕೊಂಡು ಆದ ಊರು. ಕ್ರಿ.ಪೂ. ಏಳನೆಯ ಶತಮಾನದಲ್ಲಿ ನಡುವಿನ ಜವುಗಿನ ನೀರನ್ನು ಬಸಿದು, ಸಾವಿರಾರು ಗಾಡಿ ಮಣ್ಣು ತುಂಬಿ ನೆಲ ಎತ್ತರಿಸಿದ ಮೇಲೆ ಅಲ್ಲಿ ಸಂತೆಯೂ ಸಭೆಯೂ ನೆರೆಯುವ ಬಯಲು ಸಿಕ್ಕಿತು. ಅದೇ ಫೋರಮ್. ಇಂಥ ಕೆಲಸ ನೂರಾರು ಜನರನ್ನು ದುಡಿಸಬಲ್ಲ ಅಧಿಕಾರವಿಲ್ಲದೆ ಆಗದು. ಅಂದರೆ ಆ ಹೊತ್ತಿಗೆ ಅರಸ ಇದ್ದ.

ಈ ಜಾಗಕ್ಕೆ ಒಂದು ದೋಷವಿತ್ತು. ಎಲ್ಲರಿಗೂ ದಾರಿಯಾದ ಊರು ಎಲ್ಲರಿಗೂ ಹತ್ತಿರ. ಶ್ರೀಮಂತ ಎಟ್ರಸ್ಕನ್ ನಗರ ವೀಯೈ ಹೊಳೆಯಾಚೆ ಕೇವಲ 16 ಕಿ.ಮೀ. ದೂರದಲ್ಲಿತ್ತು, ಬೆಳಿಗ್ಗೆ ಹೊರಟ ಪಡೆ ಮಧ್ಯಾಹ್ನಕ್ಕೆ ರೋಮಿನ ಎದುರು ನಿಲ್ಲಬಹುದಿತ್ತು. ಈಶಾನ್ಯದ ಬೆಟ್ಟಗಳಲ್ಲಿ ಸಬೈನರು, ಪೂರ್ವದಲ್ಲಿ ಈಕ್ವಿಗಳು, ದಕ್ಷಿಣದಲ್ಲಿ ವೊಲ್ಸಿಗಳು. ಬೆಟ್ಟದ ಜನರಿಗೆ ಬಯಲಿನ ಫಸಲಿನ ಮೇಲೆ ಕಣ್ಣು. ಕ್ರಿ.ಪೂ. 500ರ ಸುಮಾರಿಗೆ ರೋಮಿನ ಸೀಮೆ ಎಂದರೆ ಸುಮಾರು 800 ಚದರ ಕಿ.ಮೀ. ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ; ಕರ್ನಾಟಕದ ಒಂದು ಸಾಧಾರಣ ತಾಲ್ಲೂಕಿನಷ್ಟು. ಗಡಿಯ ಯಾವ ಮೂಲೆಯಲ್ಲಿ ಶತ್ರು ಕಾಣಿಸಿಕೊಂಡರೂ ಅಲ್ಲಿಂದ ನಗರದ ಬಾಗಿಲಿಗೆ ಒಂದು ಹಗಲಿನ ನಡಿಗೆ. ಸೈನ್ಯ ನಾಲ್ಕು ದಿನ ಗೈರುಹಾಜರಾದರೆ ಏನಾಗಬಹುದು ಎಂಬುದು ಸೆನೆಟಿನ ಮುದುಕರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅರಸ ಹೋದ, ಅರಸೊತ್ತಿಗೆ ಉಳಿಯಿತು

ಸಂಪ್ರದಾಯ ಏಳು ಅರಸರ ಹೆಸರು ಹೇಳುತ್ತದೆ. ಅವರಲ್ಲಿ ಮೊದಲಿನವರು ಬಹುಪಾಲು ಕಥೆ, ಕೊನೆಯವರು ಬಹುಪಾಲು ನಿಜ. ಅರಸರಿದ್ದದ್ದು ಮಾತ್ರ ಸಂದೇಹವಿಲ್ಲ: 1899ರಲ್ಲಿ ಫೋರಮಿನ ಕಪ್ಪು ಕಲ್ಲುಹಾಸಿನ ಕೆಳಗೆ ಸಿಕ್ಕ ಒಡೆದ ಶಾಸನಸ್ತಂಭದ ಹಳೆಯ ಲ್ಯಾಟಿನ್ ಬರಹದಲ್ಲಿ ಅರಸನ ಉಲ್ಲೇಖವಿದೆ. ಅರಸೊತ್ತಿಗೆ ತಂದೆಯಿಂದ ಮಗನಿಗೆ ಇಳಿದು ಬರುತ್ತಿರಲಿಲ್ಲ. ಕುಲದ ಹಿರಿಯರ ಕೂಟವಾದ ಸೆನೆಟ್ ಸಲಹೆ ಕೊಡುತ್ತಿತ್ತು, ಕ್ಯೂರಿಯ ಎಂಬ ಮೂವತ್ತು ಗುಂಪುಗಳಾಗಿ ಸೇರಿದ ಜನ ಅರಸನ ಅಧಿಕಾರಕ್ಕೆ ಒಪ್ಪಿಗೆ ಕೊಡುತ್ತಿದ್ದರು. ಕೊನೆಯ ಮೂವರು ಅರಸರಲ್ಲಿ ಇಬ್ಬರು ಎಟ್ರಸ್ಕನ್ ಮೂಲದ ಟಾರ್ಕ್ವಿನ್ ಮನೆತನದವರು. ಅವರಲ್ಲಿ ಕಡೆಯವನನ್ನು ಕ್ರಿ.ಪೂ. 509ರಲ್ಲಿ ಓಡಿಸಲಾಯಿತು.

ಆಮೇಲೆ ಮಾಡಿದ ಏರ್ಪಾಡು ಜಾಣತನದ್ದು. ಅರಸನ ಅಧಿಕಾರವನ್ನು ಕಿತ್ತುಹಾಕಲಿಲ್ಲ; ಅದನ್ನು ಇಬ್ಬರಿಗೆ ಕೊಟ್ಟು, ಒಂದು ವರ್ಷದ ಅವಧಿ ಹಾಕಿದರು. ಕಾನ್ಸಲರು ಎನಿಸಿಕೊಂಡ ಈ ಇಬ್ಬರೂ ಸೈನ್ಯ ನಡೆಸಬಹುದು, ತೀರ್ಪು ಕೊಡಬಹುದು, ಜನರನ್ನು ಪಡೆಗೆ ಸೇರಿಸಬಹುದು. ಒಬ್ಬನ ಮಾತನ್ನು ಇನ್ನೊಬ್ಬ ತಡೆಯಬಹುದು. ಅವರ ಮುಂದೆ ಹನ್ನೆರಡು ಮಂದಿ ಬೆತ್ತದ ಕಟ್ಟು ಹೊತ್ತು ನಡೆಯುತ್ತಿದ್ದರು. ಹೊಡೆಯುವ ಅಧಿಕಾರ ಯಾರದೆಂದು ನೋಡಿದವರಿಗೆಲ್ಲ ಗೊತ್ತಾಗಬೇಕಿತ್ತು. ತೀರ ಆಪತ್ತು ಬಂದರೆ ಆರು ತಿಂಗಳ ಮಟ್ಟಿಗೆ ಒಬ್ಬ ಡಿಕ್ಟೇಟರ್. ಅವನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ.

ಈ ವ್ಯವಸ್ಥೆಯಲ್ಲಿ ಬಡರೈತನ ಜಾಗ ಎಲ್ಲಿ? ಸೈನ್ಯದ ಸಾಲಿನಲ್ಲಿ. ಸರ್ವಿಯಸ್ ಟುಲಿಯಸ್ ಅರಸನ ಹೆಸರಿನಲ್ಲಿ ನಡೆದುಬಂದ ಏರ್ಪಾಡಿನಂತೆ ಜನರನ್ನು ಆಸ್ತಿಯ ಮೇರೆಗೆ ವರ್ಗ ಮಾಡಲಾಗಿತ್ತು. ಮೊದಲ ವರ್ಗದವನು ಕಂಚಿನ ಶಿರಸ್ತ್ರಾಣ, ದುಂಡು ಗುರಾಣಿ, ಎದೆಗವಚ, ಕಾಲುಗವಚ, ಭರ್ಜಿ, ಕತ್ತಿ ಎಲ್ಲವನ್ನೂ ಸ್ವಂತ ಖರ್ಚಿನಲ್ಲಿ ತರಬೇಕು. ಕೊನೆಯ ವರ್ಗದವನಿಗೆ ಕವಣೆ ಕಲ್ಲು ಸಾಕು. ಸಂಬಳವಿಲ್ಲ. ಇದೇ ಸೈನ್ಯ ಮತ ಹಾಕುವ ಸಭೆಯೂ ಆಗಿತ್ತು. ಆದರೆ ರೋಮನ್ ಚರಿತ್ರಕಾರ ಲಿವಿ ಕೊಡುವ ಲೆಕ್ಕದಲ್ಲಿ, ಗುಂಪಿಗೊಂದರಂತೆ ಇದ್ದ ಒಟ್ಟು 193 ಮತಗಳಲ್ಲಿ ಅಶ್ವಾರೋಹಿಗಳಿಗೆ 18, ಮೊದಲ ವರ್ಗಕ್ಕೆ 80. ಅವರಿಬ್ಬರು ಒಂದಾದರೆ 98, ಅಲ್ಲಿಗೆ ಬಹುಮತ ಆಯಿತು. ಉಳಿದವರನ್ನು ಕೂಗುವ ಅಗತ್ಯವೇ ಬೀಳುತ್ತಿರಲಿಲ್ಲ. ಆ ಅಂಕಿಗಳು ಇಷ್ಟು ಹಿಂದಿನ ಕಾಲದವೇ ಎಂದು ಹಲವು ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ಕವಚ ಹೊಂದಿದವನ ಮಾತಿಗೆ ತೂಕ ಎಂಬ ಮೂಲ ನಿಯಮದಲ್ಲಿ ತಕರಾರಿಲ್ಲ.

ಇದಕ್ಕೆ ಸೇರಿದಂತೆ ಪೆಟ್ರೀಷಿಯನ್ ಕುಲಗಳ ಕೈಯಲ್ಲಿ ದೇವರೂ ಇದ್ದ. ಶಕುನ ನೋಡುವ ಹಕ್ಕು, ಪುರೋಹಿತ ಮಂಡಳಿಗಳು, ಯಾವ ದಿನ ನ್ಯಾಯಾಲಯ ನಡೆಯಬಹುದು ಎಂಬ ಪಂಚಾಂಗ, ದಾವೆ ಹೂಡುವಾಗ ತಪ್ಪದೆ ಉಚ್ಚರಿಸಬೇಕಾದ ಮಾತುಗಳು ಎಲ್ಲವೂ ಅವರಿಗೆ ಮಾತ್ರ ಗೊತ್ತು. ಕಾನೂನು ಇನ್ನೂ ಬರಹಕ್ಕೆ ಇಳಿದಿರಲಿಲ್ಲ.

ಮೈಯೇ ಅಡವು

ಸಾಲದ ಕರಾರು ಹೀಗೆ ನಡೆಯುತ್ತಿತ್ತು. ರೋಮಿನಲ್ಲಿ ಆಗ ನಾಣ್ಯವಿರಲಿಲ್ಲ. ಕಂಚಿನ ತುಂಡುಗಳನ್ನು ತೂಗಿ ವ್ಯವಹಾರ. ಸಾಕ್ಷಿಗಳ ಎದುರಿಗೆ, ಒಬ್ಬ ತಕ್ಕಡಿ ಹಿಡಿದು ನಿಂತಿರಲು, ಕಂಚು ತೂಗಿ ಕೊಡುವುದು. ಕೊಟ್ಟದ್ದಕ್ಕೆ ಪ್ರತಿಯಾಗಿ ಸಾಲಗಾರ ತನ್ನ ಮೈಯನ್ನೇ ಒತ್ತೆಯಿಡುವುದು. ತೀರಿಸಲಾಗದಿದ್ದರೆ ಸಾಲ ಕೊಟ್ಟವನ ಹೊಲದಲ್ಲಿ ಜೀತ. ನೆಕ್ಸಮ್ ಎಂಬ ಹೆಸರಿನ ಈ ಪದ್ಧತಿಯನ್ನು ಜೀತ ಎಂದರೆ ಅತಿಶಯವಾಗುವುದಿಲ್ಲ.

ಹೊಲ ಸಣ್ಣದು. ಮೊದಲ ಪೌರರಿಗೆ ಹಂಚಿದ್ದು ತಲಾ ಎರಡು ಯೂಗೆರಾ, ಅಂದರೆ ಸುಮಾರು ಒಂದೂಕಾಲು ಎಕರೆ, ಎನ್ನುತ್ತದೆ ಸಂಪ್ರದಾಯ. ಅಷ್ಟರಲ್ಲಿ ಒಂದು ಸಂಸಾರ ಹೊಟ್ಟೆ ಹೊರೆಯುವುದು ಕಷ್ಟ. ದನ ಮೇಯಿಸಲು, ಸೌದೆಗೆ, ಸ್ವಲ್ಪ ಹೆಚ್ಚು ಬಿತ್ತಲು ಸಾರ್ವಜನಿಕ ಭೂಮಿಯ ಆಸರೆ ಬೇಕು. ಆ ಭೂಮಿಯನ್ನು ದೊಡ್ಡವರು ಹಿಡಿದುಕೊಂಡಿದ್ದರು. ಯುದ್ಧದ ಕಾಲವೇ ಬೇಸಾಯದ ಕಾಲ. ಬೇಸಿಗೆಯಲ್ಲಿ ಗಂಡಸು ಪಡೆಯಲ್ಲಿದ್ದರೆ ಕೊಯ್ಲು ಮಾಡುವವರು ಯಾರು? ಶತ್ರುವೂ ಬೆಳೆದು ನಿಂತ ಪೈರನ್ನು ನೋಡಿಯೇ ದಾಳಿ ಮಾಡುತ್ತಿದ್ದ. ಮೊದಲು ಬಿತ್ತನೆಗೆ ಬೀಜದ ಸಾಲ, ಆಮೇಲೆ ತಿನ್ನಲು ಕಾಳಿನ ಸಾಲ, ಮೇಲೆ ಯುದ್ಧ ತೆರಿಗೆ.

ಆ ದಶಕಗಳಲ್ಲಿ ಕಷ್ಟ ಹೆಚ್ಚಿತ್ತು ಎಂಬುದಕ್ಕೆ ಉತ್ಖನನಗಳೂ ಸಾಕ್ಷಿ. ಅರಸರ ಕಾಲದಲ್ಲಿ ಹೇರಳವಾಗಿ ಬರುತ್ತಿದ್ದ ಗ್ರೀಸಿನ ಮಡಕೆಗಳು ಕ್ರಿ.ಪೂ. ಐದನೆಯ ಶತಮಾನ ಮುಂದುವರಿದಂತೆ ವಿರಳವಾಗುತ್ತವೆ. ಶತಮಾನದ ಆರಂಭದಲ್ಲಿ ಸ್ಯಾಟರ್ನ್, ಮರ್ಕ್ಯುರಿ, ಸೀರೀಸ್, ಕ್ಯಾಸ್ಟರ್ ದೇವಾಲಯಗಳು ಒಂದರ ಹಿಂದೆ ಒಂದು ಏಳುತ್ತವೆ, ಕ್ರಿ.ಪೂ. 484ರ ನಂತರ ಅರ್ಧ ಶತಮಾನ ಹೊಸ ದೇವಾಲಯದ ಸುದ್ದಿ ಹೆಚ್ಚುಕಡಿಮೆ ನಿಂತೇಹೋಗುತ್ತದೆ.

ಫೋರಮಿಗೆ ಬಂದ ಮುದುಕ

ಕ್ರಿ.ಪೂ. 495ರ ಒಂದು ದಿನವನ್ನು ಲಿವಿ ಬಹಳ ಹತ್ತಿರದಿಂದ ಬರೆದಿದ್ದಾನೆ. ಫೋರಮಿಗೆ ಒಬ್ಬ ಮುದುಕ ನುಗ್ಗಿ ಬರುತ್ತಾನೆ. ಬಟ್ಟೆ ಕೊಳಕು, ಮೈ ಬಿಳಿಚಿ ಸೊರಗಿದೆ, ಗಡ್ಡ ಮತ್ತು ತಲೆಗೂದಲು ಕೆದರಿಕೊಂಡಿವೆ. ಆ ಸ್ಥಿತಿಯಲ್ಲೂ ಕೆಲವರು ಗುರುತು ಹಿಡಿದರು: ಒಂದು ಕಾಲಕ್ಕೆ ಸೆಂಚುರಿಯನ್ ಆಗಿದ್ದವನು, ಪಡೆಯ ಒಂದು ತುಕಡಿಯನ್ನು ನಡೆಸಿದವನು. ಎದೆ ತೆರೆದು ಯುದ್ಧದ ಗಾಯಗಳನ್ನು ಅವನೇ ತೋರಿಸಿದ.

ಈ ಗತಿ ಹೇಗೆ ಬಂತೆಂದು ಜನ ಕೇಳಿದರು. ಸಬೈನರ ಮೇಲಿನ ಯುದ್ಧದಲ್ಲಿ ತಾನು ಪಡೆಯಲ್ಲಿದ್ದಾಗ ಶತ್ರುಗಳು ತನ್ನ ಹೊಲ ಹಾಳುಮಾಡಿದರು, ಮನೆ ಸುಟ್ಟರು, ದನ ಹೊಡೆದುಕೊಂಡು ಹೋದರು ಎಂದ. ಅದೇ ಹೊತ್ತಿಗೆ ತೆರಿಗೆ ಬಿತ್ತು, ಸಾಲ ಮಾಡಿದ. ಬಡ್ಡಿ ಬೆಳೆಯಿತು. ಮೊದಲು ಅಜ್ಜನಿಂದ ತಂದೆಗೆ, ತಂದೆಯಿಂದ ತನಗೆ ಬಂದ ಹೊಲ ಹೋಯಿತು, ನಂತರ ಉಳಿದ ಸೊತ್ತು, ಕೊನೆಗೆ ಮೈ. ಸಾಲ ಕೊಟ್ಟವನು ತನ್ನನ್ನು ದುಡಿಮೆಗೆ ಹಚ್ಚಲಿಲ್ಲ, ನೇರವಾಗಿ ಚಿತ್ರಹಿಂಸೆಯ ಕೋಣೆಗೆ ತಳ್ಳಿದ ಎಂದು ಹೇಳಿ, ತಿರುಗಿ ಬೆನ್ನು ತೋರಿಸಿದ. ಚಾಟಿಯ ಬರೆ ಇನ್ನೂ ಹಸಿಯಾಗಿತ್ತು.

ಎದೆಯ ಗಾಯ ಶತ್ರು ಮಾಡಿದ್ದು, ಬೆನ್ನಿನ ಗಾಯ ಸ್ವಂತ ಊರಿನವರು ಮಾಡಿದ್ದು. ಲಿವಿ ಈ ಘಟನೆ ನಡೆದದ್ದಕ್ಕಿಂತ ಸುಮಾರು 460 ವರ್ಷ ತಡವಾಗಿ ಬರೆದವನು, ನಾಟಕೀಯತೆಯ ಮೇಲೆ ಅವನಿಗೆ ಮೋಹ. ಮುದುಕ ಹೀಗೇ ಬೆನ್ನು ತಿರುಗಿಸಿದ ಎಂದು ಯಾರೂ ಪಣ ಕಟ್ಟಲಾರರು. ಆದರೂ ಸೈನಿಕನ ದೂರಿನ ಸಾರ ಇಷ್ಟು ಚೊಕ್ಕವಾಗಿ ಇನ್ನೆಲ್ಲೂ ಬಂದಿಲ್ಲ. ಯುದ್ಧದಲ್ಲಿ ಗೆದ್ದ ಊರಿನ ಯೋಧನೊಬ್ಬ ಗೆದ್ದದ್ದರಿಂದಲೇ ದಿವಾಳಿಯಾಗಿದ್ದ.

ಗದ್ದಲ ಏಳುತ್ತಿದ್ದಂತೆ ವೊಲ್ಸಿಗಳು ನಗರದತ್ತ ಬರುತ್ತಿದ್ದಾರೆಂದು ಲ್ಯಾಟಿನ್ ಸವಾರರು ಸುದ್ದಿ ತಂದರು. ಪ್ಲೆಬಿಯನ್ನರು ಹೆಸರು ಬರೆಸಲು ಒಪ್ಪಲಿಲ್ಲ. ಯುದ್ಧದ ಲಾಭ ಯಾರಿಗೋ ಅವರೇ ಹೋಗಲಿ ಎಂದರು. ಆ ವರ್ಷದ ಕಾನ್ಸಲರಲ್ಲಿ ಒಬ್ಬನಾದ ಪಬ್ಲಿಯಸ್ ಸರ್ವಿಲಿಯಸ್ ಮೆದು ಸ್ವಭಾವದವನು. ಪಡೆಗೆ ಹೆಸರು ಕೊಡಬೇಕಾದ ಪೌರನನ್ನು ಯಾರೂ ಬೇಡಿಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಸೈನಿಕ ಬೀಡಿನಲ್ಲಿರುವ ತನಕ ಅವನ ಸೊತ್ತನ್ನು ಮಾರುವಂತಿಲ್ಲ, ಅವನ ಮಕ್ಕಳು ಮೊಮ್ಮಕ್ಕಳ ಗೋಜಿಗೆ ಹೋಗುವಂತಿಲ್ಲ ಎಂದು ಆಜ್ಞೆ ಹೊರಡಿಸಿದ. ಕೂಡಿಹಾಕಿದ್ದ ಮನೆಗಳಿಂದ ಸಾಲಗಾರರು ಹೊರಗೆ ಓಡಿಬಂದು ಪ್ರತಿಜ್ಞೆ ತೆಗೆದುಕೊಂಡರು. ವೊಲ್ಸಿಗಳು ಸೋತರು, ಸಬೈನರು ಸೋತರು, ಅರುಂಕಿ ಎಂಬ ಇನ್ನೊಂದು ನೆರೆಯ ಜನರೂ ಸೋತರು.

ಗೆದ್ದು ಬಂದವರಿಗೆ ಎದುರಾದವನು ಇನ್ನೊಬ್ಬ ಕಾನ್ಸಲ್, ಅಪ್ಪಿಯಸ್ ಕ್ಲಾಡಿಯಸ್. ಸಾಲದ ದಾವೆಗಳಲ್ಲಿ ಅವನು ಎಷ್ಟು ಕಠಿಣವಾಗಿ ತೀರ್ಪು ಕೊಡಬಹುದೋ ಅಷ್ಟೂ ಕೊಟ್ಟ. ಬಿಡಿಸಿಕೊಂಡಿದ್ದವರನ್ನು ಮತ್ತೆ ಸಾಲ ಕೊಟ್ಟವರ ಕೈಗೇ ಒಪ್ಪಿಸಿದ. ಸರ್ವಿಲಿಯಸ್ ಎರಡೂ ಕಡೆಯವರನ್ನು ಸಮಾಧಾನಪಡಿಸಲು ಹೋಗಿ ಇಬ್ಬರಿಗೂ ಬೇಡವಾದ. ಇಬ್ಬರು ಕಾನ್ಸಲರು ಒಬ್ಬರನ್ನೊಬ್ಬರು ತಡೆಯುತ್ತಾರೆ ಎಂಬ ಏರ್ಪಾಡು ಕಾಗದದ ಮೇಲೆ ಚೆಂದ; ಇಬ್ಬರೂ ಒಂದೇ ಕುಲವರ್ಗದವರಾದಾಗ ತಡೆ ಎಲ್ಲಿಂದ ಬರಬೇಕು?

ಇಲ್ಲೊಂದು ಸಣ್ಣ ಪ್ರಸಂಗ ನನಗೆ ಬಹಳ ಇಷ್ಟ. ಅದೇ ವರ್ಷ ಮರ್ಕ್ಯುರಿ ದೇವಾಲಯವನ್ನು ದೇವರಿಗೆ ಅರ್ಪಿಸುವ ಗೌರವ ಯಾರಿಗೆ ಎಂದು ಕಾನ್ಸಲರಿಬ್ಬರೂ ಜಗಳವಾಡಿದರು. ಸೆನೆಟ್ ತೀರ್ಮಾನವನ್ನು ಜನರಿಗೆ ಬಿಟ್ಟಿತು. ಜನ ಇಬ್ಬರನ್ನೂ ಬಿಟ್ಟು ಮಾರ್ಕಸ್ ಲೀಟೋರಿಯಸ್ ಎಂಬ ಸೆಂಚುರಿಯನ್‌ಗೆ ಆ ಗೌರವ ಕೊಟ್ಟರು. ಕಾನ್ಸಲರ ಮುಖಕ್ಕೆ ಹೊಡೆದಂತೆ ಮಾಡುವುದೇ ಅದರ ಉದ್ದೇಶ ಎಂದು ಎಲ್ಲರಿಗೂ ಅರ್ಥವಾಯಿತು.

ಗುಡ್ಡದ ಕಡೆಗೆ

ಮರುವರ್ಷ, 494ರಲ್ಲಿ, ಪ್ಲೆಬಿಯನ್ನರು ಎಸ್ಕ್ವಿಲೈನ್ ಮತ್ತು ಅವೆಂಟೈನ್ ದಿಬ್ಬಗಳಲ್ಲಿ ರಾತ್ರಿ ಹೊತ್ತು ಸಭೆ ಸೇರತೊಡಗಿದರು. ಫೋರಮಿನಲ್ಲಿ ಸಾಲಗಾರನನ್ನು ಎಳೆದು ತಂದರೆ ಗುಂಪು ಕೂಡಿ ಕಾನ್ಸಲನ ಮಾತು ಕೇಳಿಸದಷ್ಟು ಗದ್ದಲ ಮಾಡುತ್ತಿದ್ದರು. ಪಡೆಗೆ ಹೆಸರು ಕೂಗಿದರೆ ಯಾರೂ ಉತ್ತರಿಸುತ್ತಿರಲಿಲ್ಲ. ಡಿಕ್ಟೇಟರನನ್ನು ನೇಮಿಸಿ, ಆಗ ಮೇಲ್ಮನವಿಯ ಮಾತೇ ಬರುವುದಿಲ್ಲ ಎಂದು ಅಪ್ಪಿಯಸ್ ಸಲಹೆ ಕೊಟ್ಟ. ಸೆನೆಟ್ ಒಪ್ಪಿತು, ಆದರೆ ಹುದ್ದೆಗೆ ಅಪ್ಪಿಯಸ್‌ನನ್ನು ಬಿಟ್ಟು ಮ್ಯಾನಿಯಸ್ ವಲೇರಿಯಸ್ ಎಂಬ ಜನಪ್ರಿಯ ಮನೆತನದವನನ್ನು ಆರಿಸಿತು. ಜನ ಅವನನ್ನು ನಂಬಿ ಪಡೆ ಸೇರಿದರು. ಹತ್ತು ಲೀಜನ್, ಅಂದರೆ ತಲಾ ಸಾವಿರಾರು ಸೈನಿಕರ ಹತ್ತು ದಳ, ಕೂಡಿದವು ಎನ್ನುತ್ತಾನೆ ಲಿವಿ. ತಾಲ್ಲೂಕಿನಷ್ಟು ಸೀಮೆಯಿಂದ ಹತ್ತು ಲೀಜನ್ ಎಲ್ಲಿಂದ ಬರಬೇಕು! ಅದನ್ನು ನಂಬುವ ಅಗತ್ಯವಿಲ್ಲ. ಮೂರು ಕಡೆ ಯುದ್ಧ, ಮೂರು ಕಡೆಯೂ ಗೆಲುವು.

ವಲೇರಿಯಸ್ ಮಾತು ಉಳಿಸಿಕೊಳ್ಳಲು ನೋಡಿದ. ಸಾಲಗಾರರ ವಿಷಯವನ್ನು ಸೆನೆಟಿನ ಮುಂದಿಟ್ಟ, ಸೆನೆಟ್ ತಳ್ಳಿಹಾಕಿತು. ಅವನು ರಾಜೀನಾಮೆ ಕೊಟ್ಟು ಮನೆಗೆ ಹೋದ. ಜನ ಅವನನ್ನು ದೂರಲಿಲ್ಲ, ಗೌರವದಿಂದ ಮನೆಯ ತನಕ ಬಿಟ್ಟುಬಂದರು.

ಸೈನ್ಯ ವಿಸರ್ಜನೆಯಾದರೆ ಮತ್ತೆ ರಾತ್ರಿಸಭೆಗಳು ಶುರುವಾಗುತ್ತವೆ ಎಂದು ಸೆನೆಟ್ ಲೆಕ್ಕ ಹಾಕಿತು. ಸೈನಿಕರು ಕಾನ್ಸಲರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿದವರು, ಅದಿನ್ನೂ ಕಟ್ಟಿಹಾಕಿದೆ; ಈಕ್ವಿಗಳು ಮತ್ತೆ ಎದ್ದಿದ್ದಾರೆ ಎಂಬ ನೆಪ ಹೇಳಿ ಹೊರಗೆ ಕರೆದುಕೊಂಡು ಹೋಗಿ ಎಂದಿತು. ಇದು ಲೆಕ್ಕ ತಪ್ಪಿದ ಜಾಗ. ಸೈನಿಕರು ಊರಿನೊಳಗಿದ್ದಿದ್ದರೆ ಚದುರಿದ ಬಡವರು. ಆಯುಧ ಹಿಡಿದು, ಸಾಲಾಗಿ, ಊರಿನ ಹೊರಗೆ ನಿಂತಾಗ ಅವರೇ ರಾಜ್ಯ. ಕಾನ್ಸಲರನ್ನು ಕೊಂದರೆ ಪ್ರತಿಜ್ಞೆಯಿಂದ ಬಿಡುಗಡೆ ಆಗುತ್ತದಲ್ಲವೇ ಎಂಬ ಮಾತೂ ಬಂತಂತೆ. ಅಪರಾಧ ಮಾಡಿ ಧರ್ಮದ ಕಟ್ಟು ಬಿಡಿಸಿಕೊಳ್ಳಲಾಗದು ಎಂದು ತಿಳಿದವರು ಹೇಳಿದ ಮೇಲೆ ಅದನ್ನು ಕೈಬಿಟ್ಟು, ಸಿಸಿನಿಯಸ್ ಎಂಬವನ ಸಲಹೆಯಂತೆ ಪವಿತ್ರ ಗುಡ್ಡಕ್ಕೆ ಹೋದರು. ಹಾಗಲ್ಲ, ಅವರು ಹೋದದ್ದು ಅವೆಂಟೈನ್ ದಿಬ್ಬಕ್ಕೆ ಎಂದು ಪೀಸೊ ಎಂಬ ಹಳೆಯ ಚರಿತ್ರಕಾರ ಬರೆದಿದ್ದ.

ಗುಡ್ಡದ ಜಾಗವನ್ನು ನಕ್ಷೆಯಲ್ಲಿ ನೋಡಬೇಕು. ಈಶಾನ್ಯಕ್ಕೆ, ಅನಿಯೋ ಟೈಬರನ್ನು ಸೇರುವ ಜಾಗಕ್ಕೆ ಸಮೀಪ. ಸಬೈನ್ ಸೀಮೆಯತ್ತ ಹೋಗುವ ದಾರಿಗಳ ಮಗ್ಗುಲಲ್ಲಿ. ಊರನ್ನು ಬಿಟ್ಟುಹೋದಂತೆ ಕಾಣುವಷ್ಟು ದೂರ, ಕೂಗಿದರೆ ಓಡಿಬರಬಹುದಾದಷ್ಟು ಹತ್ತಿರ. ವಲಸೆ ಹೋಗುವವರು ಇಂಥ ಜಾಗ ಹಿಡಿಯುವುದಿಲ್ಲ. ಚೌಕಾಸಿಗೆ ಕುಳಿತವರು ಹಿಡಿಯುತ್ತಾರೆ. ಒಳಗೆ ಉಳಿದ ಪ್ಲೆಬಿಯನ್ನರಿಗೆ ಪೆಟ್ರೀಷಿಯನ್ನರ ಭಯ, ಪೆಟ್ರೀಷಿಯನ್ನರಿಗೆ ಒಳಗೆ ಉಳಿದವರ ಭಯ, ಇಬ್ಬರಿಗೂ ಈ ಹೊತ್ತಿನಲ್ಲಿ ಹೊರಗಿನವನು ದಾಳಿ ಮಾಡಿದರೆ ಎಂಬ ಭಯ.

ಸೆನೆಟ್ ಕಳುಹಿಸಿದ ಮೆನೇನಿಯಸ್ ಅಗ್ರಿಪ್ಪ ಅಲ್ಲಿ ಹೇಳಿದ ಕಥೆ ಪ್ರಸಿದ್ಧ. ಹೊಟ್ಟೆ ಕೂತು ತಿನ್ನುತ್ತದೆಂದು ಉಳಿದ ಅಂಗಗಳು ಮುನಿದು, ಕೈ ತುತ್ತು ಎತ್ತದೆ, ಬಾಯಿ ತೆರೆಯದೆ, ಹಲ್ಲು ಅಗಿಯದೆ ಹಟ ಹಿಡಿದವು. ಕೊನೆಗೆ ಇಡೀ ಮೈ ಸೊರಗಿತು. ಈ ಕಥೆಗೇ ಜನ ಕರಗಿದರು ಎಂದು ಲಿವಿ ಹೇಳುವುದನ್ನು ನಾನು ಒಪ್ಪಲಾರೆ. ಸಾಲಗಾರನ ಬೆನ್ನ ಮೇಲೆ ಚಾಟಿ ಬೀಸುವ ಹೊಟ್ಟೆ ಯಾವ ಮೈಯಲ್ಲಿದೆ ಎಂದು ಗುಡ್ಡದ ಮೇಲೆ ಒಬ್ಬನಾದರೂ ಕೇಳಿರುತ್ತಾನೆ. ಅವರನ್ನು ಕೆಳಗಿಳಿಸಿದ್ದು ಕಥೆಯ ನಂತರ ನಡೆದ ಕರಾರು. ಆದರೆ ಮೆನೇನಿಯಸ್ ಯೋಗ್ಯನೇ ಇರಬೇಕು; ಮರುವರ್ಷ ಅವನು ತೀರಿಕೊಂಡಾಗ ಅಂತ್ಯಕ್ರಿಯೆಗೆ ಸಾಕಷ್ಟು ಹಣವಿರಲಿಲ್ಲ, ಪ್ಲೆಬಿಯನ್ನರೇ ತಲಾ ಒಂದಿಷ್ಟು ಚಂದಾ ಹಾಕಿ ನೆರವೇರಿಸಿದರು ಎನ್ನುತ್ತಾರೆ.

ಕರಾರು

ಪ್ಲೆಬಿಯನ್ನರಿಗೆ ಅವರದೇ ಅಧಿಕಾರಿಗಳು, ಟ್ರಿಬ್ಯೂನರು. ಪೆಟ್ರೀಷಿಯನ್ ಯಾರೂ ಆ ಹುದ್ದೆಗೆ ಬರುವಂತಿಲ್ಲ. ಮೊದಲು ಆರಿಸಿದವರು ಗೈಯಸ್ ಲಿಸಿನಿಯಸ್ ಮತ್ತು ಲೂಸಿಯಸ್ ಆಲ್ಬಿನಸ್. ಕಾನ್ಸಲನ ಕೈಯಿಂದ ಪ್ಲೆಬಿಯನ್ನನನ್ನು ಬಿಡಿಸುವುದು ಅವರ ಕೆಲಸ. ಅವರಿಗೆ ಬೆತ್ತದ ಕಟ್ಟು ಹೊರುವವರಿಲ್ಲ, ಸೈನ್ಯವಿಲ್ಲ, ಶಕುನ ನೋಡುವ ಹಕ್ಕಿಲ್ಲ. ಇದ್ದದ್ದು ಒಂದೇ: ಅವರ ಮೈ ಮುಟ್ಟಿದವನು ದೇವರಿಗೆ ಬಲಿ ಎಂದು ಪ್ಲೆಬಿಯನ್ನರು ಸಾಮೂಹಿಕವಾಗಿ ಮಾಡಿದ ಪ್ರತಿಜ್ಞೆ. ಮುಟ್ಟಿದವನನ್ನು ಯಾರು ಕೊಂದರೂ ಕೊಲೆಯಾಗದು.

ಟ್ರಿಬ್ಯೂನನ ಅಧಿಕಾರ ಅವನ ಮೈಯಲ್ಲೇ ಇದ್ದುದರಿಂದ ಅವನು ಖುದ್ದಾಗಿ ಅಲ್ಲಿರಬೇಕಿತ್ತು. ಸಾಲಗಾರನನ್ನು ಎಳೆದೊಯ್ಯುವವರ ಮತ್ತು ಅವನ ನಡುವೆ ಬಂದು ನಿಂತು, ಆಗದು ಎನ್ನಬೇಕು. ಆದ್ದರಿಂದ ಅವನ ಮನೆಬಾಗಿಲು ಹಗಲೂ ರಾತ್ರಿಯೂ ತೆರೆದಿರಬೇಕು, ಅವನು ಒಂದು ರಾತ್ರಿಯೂ ಊರು ಬಿಟ್ಟು ಇರುವಂತಿಲ್ಲ, ನಗರದಿಂದ ಒಂದು ಮೈಲಿಯಾಚೆ ಅವನ ಮಾತು ನಡೆಯುವುದಿಲ್ಲ. ಯುದ್ಧಭೂಮಿಯಲ್ಲಿ ಕಾನ್ಸಲನ ಆಜ್ಞೆ ಹಿಂದಿನಂತೆಯೇ ಪೂರ್ಣ.

ಸಾಲ? ಹಾಲಿಕಾರ್ನಸಸ್‌ನ ಡಯೊನೀಸಿಯಸ್ ಎಂಬ ಗ್ರೀಕ್ ಲೇಖಕ ಸಾಲಮನ್ನಾವೂ ಕರಾರಿನಲ್ಲಿತ್ತು ಎನ್ನುತ್ತಾನೆ. ಲಿವಿ ಆ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಮನ್ನಾ ಆಗಿದ್ದರೂ ಒಂದು ಸಲದ್ದು. ಸಾಲದ ಕಾನೂನು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಅದಕ್ಕೆ ಸಾಕ್ಷಿ ಕ್ರಿ.ಪೂ. 451-450ರಲ್ಲಿ ಮೊದಲ ಬಾರಿಗೆ ಬರಹಕ್ಕಿಳಿದ ಹನ್ನೆರಡು ಫಲಕಗಳ ಕಾನೂನು. ಸಾಲ ರುಜುವಾತಾದ ಮೇಲೆ 30 ದಿನ ಗಡುವು. ಆಮೇಲೆ ಹಿಡಿದುಕೊಂಡು ಹೋಗಿ 15 ಪೌಂಡಿನ ಬೇಡಿ ಹಾಕಬಹುದು. ಸಾಲಗಾರ ಸ್ವಂತ ಅನ್ನ ತಿನ್ನಲಾರದವನಾದರೆ ದಿನಕ್ಕೊಂದು ಪೌಂಡ್ ಗೋಧಿಜಾತಿಯ ಕಾಳು ಕೊಡಬೇಕು. ಹೀಗೆ 60 ದಿನ. ಅದರೊಳಗೆ ಸತತ ಮೂರು ಸಂತೆಯ ದಿನ ಫೋರಮಿಗೆ ತಂದು ನಿಲ್ಲಿಸಿ ಸಾಲದ ಮೊತ್ತ ಕೂಗಬೇಕು, ಯಾರಾದರೂ ಬಿಡಿಸಿಕೊಳ್ಳಲಿ ಎಂದು. ಯಾರೂ ಬರದಿದ್ದರೆ ಕೊಲ್ಲಬಹುದು ಅಥವಾ ಟೈಬರಿನ ಆಚೆಗೆ ಮಾರಬಹುದು. ಸಾಲ ಕೊಟ್ಟವರು ಹಲವರಿದ್ದರೆ ಪಾಲು ಕತ್ತರಿಸಿಕೊಳ್ಳಬಹುದು ಎಂಬ ಸಾಲೂ ಅದರಲ್ಲಿದೆ. ಹಾಗೆ ಯಾರನ್ನೂ ಕತ್ತರಿಸಿದ್ದು ಕೇಳಿಲ್ಲ ಎಂದು ರೋಮನ್ನರೇ ಮುಂದೆ ಬರೆದರು. ಹೊಳೆ ಇಲ್ಲೂ ಬಂತು: ರೋಮಿನ ಪೌರ ರೋಮಿನ ನೆಲದಲ್ಲಿ ಗುಲಾಮನಾಗುವಂತಿಲ್ಲ. ಆಚೆ ದಡ ಎಟ್ರಸ್ಕನ್ನರದು, ಪರದೇಶ. ಒಂದು ಸೇತುವೆ ದಾಟಿಸಿದರೆ ಅವನು ಪೌರನಲ್ಲ.

ಹಾಗಾದರೆ ಗುಡ್ಡ ಹತ್ತಿದ್ದು ದಂಡವೇ? ಸಾಲಮನ್ನಾ ಕೇಳಿ ಪಡೆದಿದ್ದರೆ ಐದು ವರ್ಷದಲ್ಲಿ ಅದೇ ಹೊಲ, ಅದೇ ಯುದ್ಧ, ಅದೇ ಬೀಜದ ಸಾಲ ಮತ್ತೆ ಬರುತ್ತಿತ್ತು. ಸರ್ವಿಲಿಯಸ್‌ನ ಆಜ್ಞೆ, ವಲೇರಿಯಸ್‌ನ ಭರವಸೆ ಎರಡೂ ಒಳ್ಳೆಯ ಮನುಷ್ಯರ ಮಾತುಗಳಾಗಿದ್ದವು. ಒಳ್ಳೆಯ ಮನುಷ್ಯನ ಅವಧಿ ಮುಗಿದ ದಿನ ಅವು ಗಾಳಿಗೆ ಹೋದವು. ಎರಡು ವರ್ಷದಲ್ಲಿ ಎರಡು ಸಲ ಹೀಗಾದ ಮೇಲೆ ಪ್ಲೆಬಿಯನ್ನರು ಮೂರನೆಯ ಭರವಸೆ ಬೇಡವೆಂದು, ಭರವಸೆ ಮುರಿಯುವವನ ಕೈ ಹಿಡಿಯುವ ಹುದ್ದೆಯೊಂದನ್ನು ಕೇಳಿದರು.

ಆಧಾರಗಳ ಬಗ್ಗೆ ಒಂದು ಮಾತು. ಮೊದಲ ಟ್ರಿಬ್ಯೂನರ ಸಂಖ್ಯೆಯಲ್ಲೇ ಹಳೆಯ ಲೇಖಕರಲ್ಲಿ ಒಮ್ಮತವಿಲ್ಲ. ನಾಲ್ವರು ಟ್ರಿಬ್ಯೂನರು ಮೊದಲು ಆಯ್ಕೆಯಾದದ್ದು ಕ್ರಿ.ಪೂ. 471ರಲ್ಲಿ ಎಂದು ಗ್ರೀಕ್ ಚರಿತ್ರಕಾರ ಡಿಯೊಡೋರಸ್ ಬರೆಯುತ್ತಾನೆ. 494ರ ಕಥೆಯ ಕೆಲವು ವಿವರಗಳನ್ನು ಮುಂದಿನ ಕಾಲದ ಸಾಲದ ಗಲಾಟೆಗಳಿಂದ ತಂದು ಸೇರಿಸಿರಬಹುದು. ಆದರೆ ಆ ಶತಮಾನದ ನಡುವಿನ ಹೊತ್ತಿಗೆ ಟ್ರಿಬ್ಯೂನರು ಇದ್ದರು, ಅವರ ಬಲ ಕಾನೂನಿನಿಂದ ಬಂದಿರದೆ ಪ್ರತಿಜ್ಞೆಯಿಂದ ಬಂದಿತ್ತು ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಕಾನೂನು ಕೊಟ್ಟ ಹುದ್ದೆಗೆ ಇಂಥ ವಿಚಿತ್ರ ರಕ್ಷಣೆ ಬೇಕಾಗುತ್ತಿರಲಿಲ್ಲ.

ಕ್ರಿ.ಪೂ. 493ರಲ್ಲಿ ಅವೆಂಟೈನ್ ಬುಡದಲ್ಲಿ ಧಾನ್ಯದೇವತೆ ಸೀರೀಸಳ ದೇವಾಲಯ ಸಿದ್ಧವಾಯಿತು; ಅದು ಪ್ಲೆಬಿಯನ್ನರ ಕಚೇರಿ, ಖಜಾನೆ, ದಾಖಲೆಮನೆ ಎಲ್ಲವೂ ಆಯಿತು. ಧಾನ್ಯದೇವತೆಗೆ ಆಗ ಕೆಲಸವಿತ್ತು. ಊರು ಬಿಟ್ಟ ದಿನಗಳಲ್ಲಿ ಹೊಲ ಪಾಳುಬಿದ್ದು 492ರಲ್ಲಿ ಬರಗಾಲ ಬಂತು. ಎಟ್ರೂರಿಯದಿಂದ ಕಾಳು ಟೈಬರಿನ ಮೇಲೆ ಬಂತು. ದಕ್ಷಿಣದ ಗ್ರೀಕ್ ನಗರ ಕ್ಯೂಮೆಯಲ್ಲಿ ಕೊಂಡ ಕಾಳಿನ ಹಡಗುಗಳನ್ನು, ಟಾರ್ಕ್ವಿನ್ನನ ಆಸ್ತಿಗೆ ಬಾಕಿ ಎಂದು, ಅಲ್ಲಿನ ಒಡೆಯ ತಡೆದಿಟ್ಟುಕೊಂಡ. ಮರುವರ್ಷ ಸಿಸಿಲಿಯಿಂದ ಕಾಳು ಬಂದಾಗ, ಅಗ್ಗದ ಕಾಳು ಬೇಕಾದರೆ ಟ್ರಿಬ್ಯೂನರನ್ನು ಬಿಟ್ಟುಕೊಡಲಿ ಎಂದು ಕೊರಿಯೊಲೇನಸ್ ಎಂಬ ಪೆಟ್ರೀಷಿಯನ್ ವೀರ ಸೆನೆಟಿನಲ್ಲಿ ಹೇಳಿದನಂತೆ. ಟ್ರಿಬ್ಯೂನರು ಅವನ ಮೇಲೆ ಮೊಕದ್ದಮೆ ಹೂಡಿದರು. ಅವನು ಊರು ಬಿಟ್ಟು ವೊಲ್ಸಿಗಳ ಕಡೆ ಸೇರಿದ. ಹುದ್ದೆ ಹುಟ್ಟಿ ಮೂರೇ ವರ್ಷವಾಗಿತ್ತು, ಅಷ್ಟರಲ್ಲಿ ರಕ್ಷಣೆಯ ಹುದ್ದೆ ದಾಳಿಗೂ ಬರುತ್ತದೆಂದು ಎರಡೂ ಕಡೆಯವರಿಗೆ ತಿಳಿಯಿತು.

ಸಾಲದ ಜೀತ ಹೋಗಿದ್ದು ಕ್ರಿ.ಪೂ. 326ರಲ್ಲಿ. ತಂದೆಯ ಸಾಲಕ್ಕೆ ಒತ್ತೆಯಾಗಿದ್ದ ಒಬ್ಬ ಹುಡುಗ ಸಾಲ ಕೊಟ್ಟವನ ಕಾಮಕ್ಕೆ ಒಪ್ಪದೆ ಹೊಡೆತ ತಿಂದು, ಹರಿದ ಮೈಯಲ್ಲಿ ಬೀದಿಗೆ ಓಡಿಬಂದ ಮೇಲೆ ಕಾನೂನು ಬದಲಾಯಿತು ಎಂದು ಲಿವಿ ಬರೆಯುತ್ತಾನೆ. ಇನ್ನು ಮುಂದೆ ಸಾಲಕ್ಕೆ ಸೊತ್ತು ಹೊಣೆ, ಮೈ ಅಲ್ಲ. ಆದರೂ ಕ್ರಿ.ಪೂ. 287ರ ಸುಮಾರಿಗೆ ಮತ್ತೆ ಸಾಲದ ಕಾರಣಕ್ಕೇ ಪ್ಲೆಬಿಯನ್ನರು ಊರು ಬಿಟ್ಟು, ಈ ಸಲ ಟೈಬರಿನ ಆಚೆಯ ಜನಿಕುಲಮ್ ದಿಬ್ಬ ಹತ್ತಿದರು. ಡಿಕ್ಟೇಟರ್ ಹಾರ್ಟೆನ್ಸಿಯಸ್ ಅವರನ್ನು ಕರೆತರಲು ಕೊಟ್ಟದ್ದು, ಪ್ಲೆಬಿಯನ್ ಸಭೆಯ ನಿರ್ಣಯ ಪೆಟ್ರೀಷಿಯನ್ನರನ್ನೂ ಕಟ್ಟಿಹಾಕುತ್ತದೆ ಎಂಬ ಕಾನೂನು.